ತಕ್ಕಡಿ ಮೊದಲು, ಎಣ್ಣೆ ಆಮೇಲೆ

ತುಮಕೂರಿನ ನಮ್ಮ ಮನೆಯ ಹಿತ್ತಲಿನಲ್ಲಿ, ಶೀಟಿನ ಕೆಳಗೆ, ಹತ್ತು ಜನ ಮೇಜಿನ ಸುತ್ತ ನಿಂತಿದ್ದರು. ಎಲ್ಲರ ಕಣ್ಣಿಗೂ ರಕ್ಷಣೆಯ ಕನ್ನಡಕ, ಕೈಗೆ ರಬ್ಬರ್ ಗವಸು, ಮೈಮೇಲೆ ತುಂಬು ತೋಳಿನ ಹಳೆಯ ಅಂಗಿ. ಮೇಜಿನ ನಡುವೆ ಒಂದು ಸ್ಟೀಲ್ ಪಾತ್ರೆ, ಅದರಲ್ಲಿ 165 ಗ್ರಾಂ ನೀರು, ನೀರಿನಲ್ಲಿ ಅಡುಗೆಮನೆಯ ಥರ್ಮಾಮೀಟರ್. ಮುಳ್ಳು 27 ಡಿಗ್ರಿ ತೋರಿಸುತ್ತಿತ್ತು. ನಾನು 75 ಗ್ರಾಂ ಕಾಸ್ಟಿಕ್ ಸೋಡಾದ ಬಿಳಿ ಚಕ್ಕೆಗಳನ್ನು ಚಮಚ ಚಮಚವಾಗಿ ನೀರಿಗೆ ಬಿಡುತ್ತ ಕಲಕತೊಡಗಿದೆ. ಒಲೆ ಇಲ್ಲ, ಬೆಂಕಿ ಇಲ್ಲ. ಎರಡು ನಿಮಿಷ ಕಳೆಯುವುದರೊಳಗೆ ಮುಳ್ಳು 80 ದಾಟಿ ನಿಂತಿತು.

ಯಾರೂ ಮಾತಾಡಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಪಾತ್ರೆಯ ಹೊರಮೈಗೆ ಗವಸಿನ ಬೆರಳು ತಾಗಿಸಿ ತಟ್ಟನೆ ಹಿಂದೆಗೆದರು. ಈ ಹತ್ತು ಜನರಲ್ಲಿ ಬಹುತೇಕರು ಹತ್ತನೇ ತರಗತಿಯಲ್ಲಿ ಸಾಬೂನೀಕರಣದ ಸಮೀಕರಣ ಬರೆದು ಅಂಕ ಪಡೆದವರೇ. ಆದರೆ ಪುಸ್ತಕದ ಆ ಸಾಲಿನಲ್ಲಿ ಬಿಸಿ ಇರಲಿಲ್ಲ, ಮೂಗಿಗೆ ಚುರುಕ್ಕೆನ್ನುವ ಹಬೆ ಇರಲಿಲ್ಲ. ದೊಡ್ಡವರಿಗೆ ಸಾಬೂನು ಮಾಡುವುದನ್ನು ಕಲಿಸಬೇಕೆಂದು ನನಗೆ ಅನ್ನಿಸಿದ್ದೇ ಈ ಎರಡು ನಿಮಿಷಗಳ ಸಲುವಾಗಿ. ರಸಾಯನಶಾಸ್ತ್ರವನ್ನು ಶಾಲೆಯಲ್ಲೇ ಬಿಟ್ಟು ಬಂದವರ ಕೈಗೆ ಅದು ಮತ್ತೆ ಸಿಗುವುದು ಇಲ್ಲಿ.

ಆ ಬಿಸಿ ಎಲ್ಲಿಂದ ಬಂತು? ಕಾಸ್ಟಿಕ್ ಸೋಡಾ ಎಂದರೆ ಸೋಡಿಯಂ ಹೈಡ್ರಾಕ್ಸೈಡ್. ಅದರ ಹರಳಿನಲ್ಲಿ ಸೋಡಿಯಂ ಮತ್ತು ಹೈಡ್ರಾಕ್ಸೈಡ್ ಅಯಾನುಗಳು ಒಂದನ್ನೊಂದು ಬಿಗಿಯಾಗಿ ಹಿಡಿದು ಕೂತಿರುತ್ತವೆ. ನೀರಿಗೆ ಬಿದ್ದೊಡನೆ ನೀರಿನ ಅಣುಗಳು ಒಂದೊಂದು ಅಯಾನನ್ನೂ ಸುತ್ತುವರಿದು ಬಿಡಿಸಿಕೊಳ್ಳುತ್ತವೆ. ಬಿಡಿಸಲು ತಗಲುವ ಶಕ್ತಿಗಿಂತ ಸುತ್ತುವರಿಯುವಾಗ ಹೊರಬೀಳುವ ಶಕ್ತಿ ಹೆಚ್ಚು. ಆ ಹೆಚ್ಚುವರಿಯೇ ನಮ್ಮ ಮುಳ್ಳನ್ನು ಮೇಲಕ್ಕೆ ಒಯ್ದದ್ದು. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು ಎಂಬ ನಿಯಮ ಹುಟ್ಟಿದ್ದೂ ಇದರಿಂದಲೇ. ಸೋಡಾದ ರಾಶಿಯ ಮೇಲೆ ನೀರು ಬಿದ್ದರೆ, ಬಿದ್ದ ಸ್ವಲ್ಪ ನೀರು ಅಲ್ಲೇ ಕುದಿದು ಕ್ಷಾರವನ್ನು ಹೊತ್ತು ಮುಖಕ್ಕೆ ಸಿಡಿಯುತ್ತದೆ.

ಕಾರ್ಯಾಗಾರ ನಡೆಸುವವರ ಮೊದಲ ಕೆಲಸ ಎಣ್ಣೆ ಹೊಂದಿಸುವುದಲ್ಲ, ಜಾಗ ಹೊಂದಿಸುವುದು. ಗಾಳಿ ಆಡುವ ಜಾಗ ಬೇಕು, ಹರಿಯುವ ನೀರಿನ ನಲ್ಲಿ ಹತ್ತು ಹೆಜ್ಜೆಯೊಳಗಿರಬೇಕು, ಮಕ್ಕಳೂ ನಾಯಿ ಬೆಕ್ಕುಗಳೂ ಸುಳಿಯಬಾರದು. ಒಬ್ಬರೇ ನೋಡಿಕೊಳ್ಳುವುದಾದರೆ ಹತ್ತು ಜನ ಸಾಕು. ಹದಿನೈದು ಮಂದಿ ಸೇರಿದ ದಿನ ಎಲ್ಲರ ಕೈಮೇಲೂ ನನ್ನ ಕಣ್ಣು ಇರಲಿಲ್ಲ. ಪಾತ್ರೆಗಳನ್ನು ನಾನೇ ಕೊಡುತ್ತೇನೆ. ಮನೆಯಿಂದ ತರಲು ಹೇಳಿದರೆ ಒಬ್ಬರಾದರೂ ಇಂಡಾಲಿಯಂ ಪಾತ್ರೆ ತಂದೇ ತರುತ್ತಾರೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ತಿನ್ನುವಾಗ ಹೈಡ್ರೋಜನ್ ಹೊಮ್ಮುತ್ತದೆ, ಅದಕ್ಕೆ ಕಿಡಿ ತಗಲಿದರೆ ಹೊತ್ತಿಕೊಳ್ಳುತ್ತದೆ. ಸ್ಟೀಲು ಒಳ್ಳೆಯದು, ದಪ್ಪ ಪಾಲಿಪ್ರೊಪಿಲೀನ್ ಡಬ್ಬಿಯೂ ಆದೀತು.

ಇನ್ನೊಂದನ್ನು ಪ್ರತಿ ಸಲವೂ ಎರಡು ಬಾರಿ ಹೇಳುತ್ತೇನೆ. ಕೈಮೇಲೆ ಎಲ್ಲಾದರೂ ಜಾರುವ ಹಾಗೆ, ನುಣುಪಾದ ಹಾಗೆ ಅನ್ನಿಸಿದರೆ ಆ ಕ್ಷಣ ನಲ್ಲಿಗೆ ಓಡಿ. ಆ ನುಣುಪು ಕ್ಷಾರದ್ದಲ್ಲ, ನಿಮ್ಮದೇ. ಚರ್ಮದ ಮೇಲಿನ ಜಿಡ್ಡನ್ನು ಕ್ಷಾರ ಸಾಬೂನಾಗಿ ಮಾರ್ಪಡಿಸಲು ಶುರುಮಾಡಿದೆ ಎಂಬ ಸುಳಿವು ಅದು. ಹರಿಯುವ ನೀರಿನಡಿ ಹದಿನೈದು ನಿಮಿಷ ಹಿಡಿಯಬೇಕು, ಕಣ್ಣಿಗೆ ಹಾರಿದ್ದರೆ ತೊಳೆಯುತ್ತಲೇ ಆಸ್ಪತ್ರೆಯ ದಾರಿ ಹಿಡಿಯಬೇಕು. ವಿನೆಗರ್ ಹಚ್ಚಿದರೆ ಕ್ಷಾರ ಸಾಯುತ್ತದೆಂದು ಕೆಲವರು ಬಾಟಲಿ ಹುಡುಕುತ್ತಾರೆ. ಹುಡುಕುವ ಹೊತ್ತಿಗೆ ಚರ್ಮ ಸುಡುತ್ತದೆ, ಆಮ್ಲ ಕ್ಷಾರ ಸೇರಿದಾಗ ಹುಟ್ಟುವ ಬಿಸಿ ಬೇರೆ. ಚೆಲ್ಲಿದ ಮೇಜನ್ನು ಒರೆಸಲು ವಿನೆಗರ್ ಇರಲಿ, ಮೈಗೆ ನೀರೇ ಸರಿ.

ಬಂದವರಲ್ಲಿ ಒಬ್ಬಿಬ್ಬರಾದರೂ ‘ಕೆಮಿಕಲ್ ಇಲ್ಲದ ಸಾಬೂನು’ ಕಲಿಯಲು ಬಂದಿರುತ್ತಾರೆ. ಅಂಥ ಸಾಬೂನು ಇಲ್ಲ. ಯಾವ ಸಾಬೂನಾದರೂ ಕೊಬ್ಬಿಗೂ ಕ್ಷಾರಕ್ಕೂ ಹುಟ್ಟಿದ್ದು. ಸೀಗೆಕಾಯಿ, ಅಂಟುವಾಳಗಳು ನೊರೆ ಕೊಡುವುದು ಸಪೋನಿನ್ ಎಂಬ ಬೇರೆಯೇ ಬಗೆಯ ಅಣುಗಳಿಂದ. ಅವು ಕೊಳೆ ತೆಗೆಯುತ್ತವೆ, ಆದರೆ ಸಾಬೂನಲ್ಲ. ನಮ್ಮ ಹಳ್ಳಿಗಳಲ್ಲಿ ಕ್ಷಾರವೇನೂ ಹೊಸತಾಗಿರಲಿಲ್ಲ. ಬೂದಿಯನ್ನು ನೆನೆಸಿ ತಿಳಿ ಬಸಿಯುತ್ತಿದ್ದರು. ಮಡಿವಾಳರು ಸವಳು ಮಣ್ಣಿನಲ್ಲಿ ಬಟ್ಟೆ ಅದ್ದಿ, ದೊಡ್ಡ ಬಾನಿಯ ಮೇಲೆ ಒಟ್ಟಿ, ಹಬೆಯಲ್ಲಿ ಬೇಯಿಸಿ ಉಬ್ಬೆಗೆ ಹಾಕುತ್ತಿದ್ದರು. ಸವಳು ಮಣ್ಣಿನಲ್ಲಿ ಇರುವುದು ಮುಖ್ಯವಾಗಿ ಸೋಡಿಯಂ ಕಾರ್ಬೊನೇಟ್. ನಾನು ಇದನ್ನು ಹೇಳುತ್ತಿದ್ದಾಗ ಮೇಜಿನ ತುದಿಯಲ್ಲಿದ್ದ ಅರವತ್ತು ದಾಟಿದ ಹೆಂಗಸೊಬ್ಬರು, ತಮ್ಮ ಅಜ್ಜಿ ಕೆರೆಯಂಗಳದಿಂದ ಆ ಮಣ್ಣನ್ನು ಕೆರೆದು ಕುಕ್ಕೆಯಲ್ಲಿ ತುಂಬಿ ತರುತ್ತಿದ್ದರು, ಬೇಸಿಗೆಯಲ್ಲಿ ನೆಲದ ಮೇಲೆ ಅದು ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತಿತ್ತು ಎಂದರು. ಆ ಮಾತು ನೆನಪಿರಲಿ.

ಈಗ ಲೆಕ್ಕ. ನನ್ನ ಪಾಲಿಗೆ ಇಡೀ ದಿನದ ಹೃದಯ ಇರುವುದು ಇಲ್ಲಿ.

ಎಣ್ಣೆಯ ಒಂದು ಅಣುವೆಂದರೆ ಒಂದು ಗ್ಲಿಸರಿನ್ನಿಗೆ ಜೋತುಬಿದ್ದ ಮೂರು ಕೊಬ್ಬಿನ ಆಮ್ಲಗಳು. ಕ್ಷಾರ ಆ ಮೂರು ಜೋಡಣೆಗಳನ್ನೂ ಕಡಿಯುತ್ತದೆ. ಗ್ಲಿಸರಿನ್ ಬಿಡುಗಡೆಯಾಗುತ್ತದೆ, ಪ್ರತಿ ಕೊಬ್ಬಿನ ಆಮ್ಲಕ್ಕೂ ಒಂದೊಂದು ಸೋಡಿಯಂ ಅಂಟಿ ಮೂರು ಸಾಬೂನಿನ ಅಣುಗಳಾಗುತ್ತವೆ. ಒಂದು ಎಣ್ಣೆಗೆ ಮೂರು ಕ್ಷಾರ, ಹೆಚ್ಚೂ ಬೇಡ ಕಡಿಮೆಯೂ ಬೇಡ. ಹಾಗಾದರೆ ಎಲ್ಲ ಎಣ್ಣೆಗೂ ಒಂದೇ ತೂಕದ ಸೋಡಾ ಸಾಕಲ್ಲವೇ ಎಂದರೆ ಸಾಲದು. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ 0.183 ಗ್ರಾಂ ಬೇಕು, ಎಳ್ಳೆಣ್ಣೆಗೆ 0.134, ಹರಳೆಣ್ಣೆಗೆ 0.128.

ಕಾರಣ ತರಕಾರಿ ಸಂತೆಯಲ್ಲೇ ಇದೆ. ಒಂದು ಕಿಲೋ ಬೆಂಡೆಕಾಯಿ, ಒಂದು ಕಿಲೋ ಸೋರೆಕಾಯಿ ತನ್ನಿ. ತೊಟ್ಟುಗಳನ್ನು ಎಣಿಸಿ. ತೂಕ ಒಂದೇ, ಆದರೆ ಬೆಂಡೆಯ ತೊಟ್ಟುಗಳು ಎಷ್ಟೋ ಪಾಲು ಹೆಚ್ಚು. ಸೋಡಿಯಂ ಅಂಟುವುದು ಕೊಬ್ಬಿನ ಆಮ್ಲದ ತೊಟ್ಟಿಗೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ, ಅದರ ಸರಪಳಿಯಲ್ಲಿ 12 ಇಂಗಾಲಗಳು ಮಾತ್ರ. ಎಳ್ಳೆಣ್ಣೆಯ ಆಮ್ಲಗಳಲ್ಲಿ ಹೆಚ್ಚಿನವು 18 ಇಂಗಾಲಗಳ ಉದ್ದದವು. ಗಿಡ್ಡ ಸರಪಳಿಯವು ಒಂದು ಗ್ರಾಮಿನಲ್ಲಿ ಹೆಚ್ಚು ಸಂಖ್ಯೆಯಲ್ಲಿ ಹಿಡಿಸುತ್ತವೆ, ಹೆಚ್ಚು ಸೋಡಾ ಕೇಳುತ್ತವೆ.

ನಮ್ಮ ಪಾಠದ ಅಳತೆ ಹೀಗೆ: ತಿಪಟೂರಿನ ಕೊಬ್ಬರಿಯ ಎಣ್ಣೆ 250 ಗ್ರಾಂ, ಎಳ್ಳೆಣ್ಣೆ 200 ಗ್ರಾಂ, ಹರಳೆಣ್ಣೆ 50 ಗ್ರಾಂ. ಕೊಬ್ಬರಿ ಎಣ್ಣೆ ಗಟ್ಟಿತನವನ್ನೂ ದೊಡ್ಡ ನೊರೆಯನ್ನೂ ಕೊಡುತ್ತದೆ, ಅದೊಂದೇ ಆದರೆ ಚರ್ಮ ಒಣಗುತ್ತದೆ. ಎಳ್ಳೆಣ್ಣೆ ಮೃದು ಮಾಡುತ್ತದೆ. ಹರಳೆಣ್ಣೆ ನೊರೆಯನ್ನು ಒಡೆಯದ ಹಾಗೆ ಹಿಡಿದಿಡುತ್ತದೆ. ಗುಣಿಸಿದರೆ ಸೋಡಾ ಕ್ರಮವಾಗಿ 45.75, 26.8, 6.4 ಗ್ರಾಂ, ಒಟ್ಟು ಸುಮಾರು 79. ಇದರಲ್ಲಿ ನೂರಕ್ಕೆ ಐದನ್ನು ಕಳೆದು 75 ಎಂದು ಹಿಡಿಯುತ್ತೇವೆ. ಅಂದರೆ ಎಣ್ಣೆಯಲ್ಲಿ ಐದು ಪಾಲು ಸಾಬೂನಾಗದೆ ಉಳಿಯಲಿ ಎಂದು ಬೇಕೆಂದೇ ಬಿಡುತ್ತೇವೆ. ತೂಗುವಾಗ ಕೈ ತುಸು ತಪ್ಪಿದರೂ ಕ್ಷಾರ ಮಿಗದಿರಲಿ, ಮಿಂದ ಮೇಲೆ ಮೈ ಬಿರಿಯದಿರಲಿ.

ಈ ಐದು ಪಾಲು ಎಷ್ಟು ತೆಳ್ಳಗಿನ ಅಂಚು ಎಂಬುದನ್ನು ನಾನು ಕಲಿತದ್ದು ನನ್ನ ಮೊದಲ ಕಾರ್ಯಾಗಾರದಲ್ಲಿ. ಅಂದು ಇದ್ದದ್ದು ಎರಡೇ ತಕ್ಕಡಿ, ಒಂದರ ಬ್ಯಾಟರಿ ನಡುವೆ ಸತ್ತಿತು. ಕಾಯುವುದು ಬೇಡವೆಂದು ಒಬ್ಬರಿಗೆ ಎಣ್ಣೆಯನ್ನು ಅಳತೆ ಲೋಟದಲ್ಲಿ ಹಾಕಿಕೊಳ್ಳಲು ನಾನೇ ಹೇಳಿದೆ. ಗ್ರಾಮಿನ ಬದಲು ಮಿಲಿಲೀಟರು. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರಿನ ಎಣ್ಣೆ ಪೊಟ್ಟಣದ ಮೇಲೆ 910 ಗ್ರಾಂ ಎಂದು ಬರೆದಿರುವುದನ್ನು ನಾವೆಲ್ಲ ನೋಡಿಯೇ ಇರುತ್ತೇವೆ. ಅವರು 500 ಮಿಲಿಲೀಟರು ಸುರಿದಾಗ ಪಾತ್ರೆಗೆ ಬಿದ್ದದ್ದು 462 ಗ್ರಾಂ ಎಣ್ಣೆ ಮಾತ್ರ. ಅಷ್ಟಕ್ಕೆ ಪೂರ್ತಿ ಬೇಕಾದ ಸೋಡಾ ಸುಮಾರು 73 ಗ್ರಾಂ, ಹಾಕಿದ್ದು 75. ಅಂಚು ಅಳಿಸಿಹೋಗಿ, ಮೇಲೆ ಎರಡು ಗ್ರಾಂ ಕ್ಷಾರ ಮಿಕ್ಕಿತು. ನೋಡಲು ಆ ಬಿಲ್ಲೆಗಳು ಎಲ್ಲಕ್ಕಿಂತ ಬೆಳ್ಳಗೆ, ಎಲ್ಲಕ್ಕಿಂತ ಗಟ್ಟಿಯಾಗಿದ್ದವು. ತಿಂಗಳಾದ ಮೇಲೆ ಅವರು ಫೋನು ಮಾಡಿ ಕೈ ಉರಿಯುತ್ತಿದೆ ಎಂದರು. ತಪ್ಪು ನನ್ನದು. ಅಂದಿನಿಂದ ಇಬ್ಬರಿಗೊಂದು ತಕ್ಕಡಿ, ಮೇಲೆ ಒಂದು ಹೆಚ್ಚಿಗೆ, ಜೇಬಿನಲ್ಲಿ ಬ್ಯಾಟರಿ. ಲೋಟ, ಪಾವು, ಚಮಚಗಳು ಮೇಜಿನ ಮೇಲೆ ಬರುವಂತಿಲ್ಲ. ಸಾಬೂನನ್ನು ತೂಗಿ ಮಾಡಬೇಕು, ಅಳೆದು ಮಾಡಬಾರದು.

ತಕ್ಕಡಿಗೆ ಈ ಗೌರವ ಕೊಟ್ಟವರಲ್ಲಿ ಫ್ರಾನ್ಸಿನ ಮಿಷೆಲ್ ಯೂಜೀನ್ ಷೆವ್ರೂಲ್ ಮೊದಲಿಗ. ಎಣ್ಣೆ ಮತ್ತು ಕ್ಷಾರ ಸುಮ್ಮನೆ ಬೆರೆತು ಸಾಬೂನಾಗುತ್ತವೆ ಎಂದು ನಂಬಿದ್ದ ಕಾಲ ಅದು. ಷೆವ್ರೂಲ್ ಸಾಬೂನಿಗೆ ಆಮ್ಲ ಹಾಕಿ ಒಡೆದು, ಸಿಕ್ಕ ಕೊಬ್ಬಿನ ಆಮ್ಲವನ್ನೂ ಗ್ಲಿಸರಿನ್ನನ್ನೂ ಬೇರೆ ಬೇರೆ ತೂಗಿದ. ಎರಡರ ಮೊತ್ತ ಮೊದಲಿನ ಕೊಬ್ಬಿಗಿಂತ ಹೆಚ್ಚು ಬಂತು. ಒಡೆಯುವಾಗ ನೀರು ಒಳಸೇರಿದೆ, ಇದು ಬೆರಕೆಯಲ್ಲ, ಹೊಸ ಪದಾರ್ಥ ಎಂದು ತಿಳಿದದ್ದು ಆ ಹೆಚ್ಚಿನ ತೂಕದಿಂದ. 1823ರಲ್ಲಿ ಅವನ ಸಂಶೋಧನೆ ಪುಸ್ತಕವಾಗಿ ಬಂತು. ಗ್ಲಿಸರಿನ್ ಎಂಬ ಹೆಸರಿಟ್ಟವನೂ ಅವನೇ. 102 ವರ್ಷ ಬದುಕಿದ.

ನಮ್ಮಲ್ಲಿ ಸಾಬೂನಿನ ಮಾತು ಬಂದರೆ ಮೈಸೂರು ಸ್ಯಾಂಡಲ್ ಬಾರದೆ ಹೋಗದು. ಮೊದಲ ಮಹಾಯುದ್ಧ ಶುರುವಾಗಿ ಶ್ರೀಗಂಧದ ರಫ್ತು ನಿಂತಾಗ, ಮೈಸೂರು ಸಂಸ್ಥಾನದಲ್ಲಿ ಮರ ರಾಶಿ ಬಿತ್ತು. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಗಂಧದೆಣ್ಣೆ ಬಟ್ಟಿಯಿಳಿಸುವ ವಿಧಾನ ರೂಪಿಸಿದರು, 1916ರಲ್ಲಿ ಎಣ್ಣೆ ಕಾರ್ಖಾನೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ, ಲಂಡನ್ನಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಕೈಚಳಕದಿಂದ 1918ರಲ್ಲಿ ಸಾಬೂನು ಕಾರ್ಖಾನೆಯೂ ಆಯಿತು. ಗಂಧದೆಣ್ಣೆಯನ್ನು ಕ್ಷಾರದ ನಡುವೆ ಕೆಡದಂತೆ ಕೂಡಿಸುವುದು ಎಷ್ಟು ಕಷ್ಟವೆಂದು ಕೈಯಾರೆ ಸಾಬೂನು ಕಲಕಿದವರಿಗೆ ಗೊತ್ತು.

ಮತ್ತೆ ಮೇಜಿಗೆ ಬರೋಣ. ಕ್ಷಾರದ ನೀರು 40 ಡಿಗ್ರಿಗೆ ಇಳಿಯಲು ಅರ್ಧ ಗಂಟೆಯ ಮೇಲೆ ಬೇಕು. ಎಣ್ಣೆಯನ್ನೂ ಅಷ್ಟಕ್ಕೇ ಬೆಚ್ಚಗೆ ಮಾಡಿ, ಕ್ಷಾರವನ್ನು ಎಳೆಯಾಗಿ ಸುರಿದು ಕಲಕುತ್ತೇವೆ. ಮೊದಲ ಕೆಲವು ನಿಮಿಷ ಏನೂ ಆಗದ ಹಾಗೆ ಕಾಣುತ್ತದೆ. ಎಣ್ಣೆ ಮೇಲೆ, ನೀರು ಕೆಳಗೆ, ಎರಡೂ ಮುಟ್ಟುವುದು ಗಡಿಯಲ್ಲಿ ಮಾತ್ರ. ಆ ಗಡಿಯಲ್ಲಿ ಚೂರು ಸಾಬೂನು ಹುಟ್ಟುತ್ತದೆ. ಸಾಬೂನಿನ ಅಣುವಿಗೆ ಒಂದು ತುದಿ ನೀರನ್ನು ಬಯಸುವಂಥದ್ದು, ಉದ್ದನೆಯ ಬಾಲ ಎಣ್ಣೆಯನ್ನು ಬಯಸುವಂಥದ್ದು. ಹುಟ್ಟಿದ ಚೂರು ಸಾಬೂನೇ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸುತ್ತದೆ. ಹನಿ ಸಣ್ಣದಾದಷ್ಟೂ ಗಡಿ ಹಿಗ್ಗುತ್ತದೆ, ಗಡಿ ಹಿಗ್ಗಿದಷ್ಟೂ ಸಾಬೂನು ಹುಟ್ಟುತ್ತದೆ. ಹೆಪ್ಪಿನ ಹಾಗೆ, ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಕಲಕುವವರ ಕೈಗೆ ಅದು ಗೊತ್ತಾಗುತ್ತದೆ. ನೀರಾಗಿದ್ದದ್ದು ಮಜ್ಜಿಗೆಯಾಗಿ, ಮಜ್ಜಿಗೆ ದೋಸೆ ಹಿಟ್ಟಾಗಿ ದಪ್ಪಗಾಗುತ್ತದೆ. ಚಮಚ ಎತ್ತಿ ಮೇಲಿಂದ ಎಳೆ ಬಿಟ್ಟರೆ ಗೆರೆ ಮುಳುಗದೆ ಒಂದು ಗಳಿಗೆ ನಿಲ್ಲಬೇಕು. ಆ ಹದ ಸಿಕ್ಕಿದಾಗ ಹಿತ್ತಲಿನಲ್ಲಿ ಆಗುವ ಗದ್ದಲ ನನಗೆ ಬಹಳ ಇಷ್ಟ. ಒಬ್ಬರು ಕೂಗುತ್ತಾರೆ, ಉಳಿದವರು ತಮ್ಮ ಪಾತ್ರೆ ಬಿಟ್ಟು ನೋಡಲು ಓಡುತ್ತಾರೆ. ಪಾಕ ಹಿಡಿದು ಅಭ್ಯಾಸವಿರುವವರು ಹದವನ್ನು ನನಗಿಂತ ಮುಂಚೆ ಗುರುತಿಸುತ್ತಾರೆ. ಮೈಸೂರುಪಾಕು ಕಲಕಿದ ಕೈಗೆ ಇದನ್ನು ಕಲಿಸಬೇಕಾಗಿಲ್ಲ.

ಪರಿಮಳ ಹಾಕುವುದು ಈ ಹಂತದಲ್ಲಿ. ಲವಂಗದೆಣ್ಣೆ ಬೇಕೆಂದವರಿಗೆ ಎರಡೇ ಹನಿ ಕೊಡುತ್ತೇನೆ. ಅದರಲ್ಲಿರುವ ಯೂಜೆನಾಲ್ ಕ್ಷಾರದೊಂದಿಗೆ ಸೇರಿ ಹಿಟ್ಟನ್ನು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕಲ್ಲು ಮಾಡಿಬಿಡುತ್ತದೆ. ಚಮಚ ಪಾತ್ರೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಬಣ್ಣಕ್ಕೆ ಅರಿಶಿನ ತರುವವರು ಹಳದಿ ಸಾಬೂನು ಬಯಸಿ ಬಂದಿರುತ್ತಾರೆ. ಚಿಟಿಕೆ ಬಿದ್ದೊಡನೆ ಅದು ಕುಂಕುಮದ ಕೆಂಪಿಗೆ ತಿರುಗುತ್ತದೆ. ಸಾಂಬಾರಿನ ಕಲೆಗೆ ಸಾಬೂನು ಹಚ್ಚಿದಾಗ ಕೆಂಪಾಗುವುದೂ ಇದೇ, ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ. ಹಾಗೆಂದು ಅರಿಶಿನದಿಂದ ಸಾಬೂನಿನ ಪರೀಕ್ಷೆ ಮಾಡಲಾಗದು. ಸರಿಯಾಗಿ ಆದ ಸಾಬೂನಿನ ಪಿಎಚ್ ಕೂಡ 9, 10ರ ಆಸುಪಾಸು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅರಿಶಿನ ಕೆಂಪಾಗಿಯೇ ಉತ್ತರ ಕೊಡುತ್ತದೆ.

ಅಚ್ಚಿಗೆ ಸುರಿದು, ಹಳೆಯ ಟವೆಲು ಸುತ್ತಿ ಮನೆಗೆ ಕಳಿಸುತ್ತೇನೆ. ರಾತ್ರಿ ಅಚ್ಚು ಮುಟ್ಟಿ ನೋಡಿ ಎಂದು ಹೇಳಿರುತ್ತೇನೆ. ಹತ್ತು ಗಂಟೆಯ ಹೊತ್ತಿಗೆ ಫೋಟೋಗಳು ಬರತೊಡಗುತ್ತವೆ: ನಡುಭಾಗ ಪಾರದರ್ಶಕವಾಗಿ ಹಲಸಿನ ಅಂಟಿನ ಹಾಗಿದೆ, ಬಿಸಿಯಾಗಿದೆ, ಕೆಟ್ಟಿತೇ? ಕೆಟ್ಟಿಲ್ಲ. ಕ್ರಿಯೆಯೇ ಹುಟ್ಟಿಸಿದ ಬಿಸಿಯಲ್ಲಿ ಸಾಬೂನು ಜೆಲ್ ಆಗಿದೆ. ಬೆಳಗಾಗುವಷ್ಟರಲ್ಲಿ ಮತ್ತೆ ಬಿಳುಪಾಗುತ್ತದೆ. ಮಾರನೆಯ ದಿನ ಗವಸು ಹಾಕಿಯೇ ಏಳು ಬಿಲ್ಲೆ ಕತ್ತರಿಸಬೇಕು.

ಕಾರ್ಖಾನೆಗಳು ಸಾಬೂನಿನಿಂದ ಗ್ಲಿಸರಿನ್ನನ್ನು ಉಪ್ಪು ಹಾಕಿ ಬೇರ್ಪಡಿಸಿ ತೆಗೆಯುತ್ತವೆ. ನಮ್ಮ ಅಳತೆಯಲ್ಲಿ ಹುಟ್ಟುವ ಸುಮಾರು 57 ಗ್ರಾಂ ಗ್ಲಿಸರಿನ್ ಬಿಲ್ಲೆಗಳಲ್ಲೇ ಉಳಿಯುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುವ ಪದಾರ್ಥ, ಚರ್ಮಕ್ಕೆ ಹಿತ. ಟಿಎಫ್‌ಎಂ ಎಷ್ಟು ಬರುತ್ತದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೊದಲ ದರ್ಜೆಯ ಸ್ನಾನದ ಸಾಬೂನಿಗೆ ಒಟ್ಟು ಕೊಬ್ಬಿನಂಶ ನೂರಕ್ಕೆ 76 ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ನೀರನ್ನೂ ಗ್ಲಿಸರಿನ್ನನ್ನೂ ಒಳಗೇ ಇಟ್ಟುಕೊಂಡ ನಮ್ಮದು ಅದಕ್ಕಿಂತ ತುಸು ಕೆಳಗೇ ನಿಲ್ಲುತ್ತದೆ. ಮನೆಬಳಕೆಗೆ ಅದು ಕೊರತೆಯಲ್ಲ. ಮಾರುವ ಆಲೋಚನೆ ಇರುವವರು ಸೌಂದರ್ಯವರ್ಧಕಗಳ ಪರವಾನಗಿಯ ನಿಯಮಗಳನ್ನು ಮೊದಲು ಓದಿಕೊಳ್ಳಬೇಕು.

ಕ್ಷಾರದ ಬಹುಪಾಲು ಒಂದೆರಡು ದಿನದಲ್ಲೇ ತೀರುತ್ತದೆ. ಆದರೂ ಬಿಲ್ಲೆಗಳು ಆರು ವಾರ ಗಾಳಿಯಲ್ಲಿ ಮಾಗಬೇಕು. ನೀರು ಆರುತ್ತದೆ, ಸಾಬೂನಿನ ಹರಳುಗಳು ಒತ್ತಾಗಿ ಜೋಡಣೆಯಾಗುತ್ತವೆ, ನೊರೆ ಸುಧಾರಿಸುತ್ತದೆ, ಬಚ್ಚಲಲ್ಲಿ ಬೇಗ ಕರಗುವುದಿಲ್ಲ. ಹೀಗಾಗಿ ನನ್ನ ಕಾರ್ಯಾಗಾರ ಒಂದು ದಿನದ್ದಲ್ಲ, ಆರು ವಾರದ ಅಂತರದ ಎರಡು ಭಾನುವಾರಗಳದ್ದು. ನಡುವೆ ಪ್ರತಿ ವಾರ ಒಂದು ಬಿಲ್ಲೆಯನ್ನು ತೂಗಿ ಬರೆದಿಡಲು ಹೇಳುತ್ತೇನೆ. ಬ್ಯಾಂಕಿನವರು ನೋಟ್‌ಬುಕ್ಕಿನಲ್ಲಿ ಅಂಕಣ ಎಳೆದುಕೊಂಡು ಬಂದಿದ್ದರು: 105 ಗ್ರಾಮಿನಿಂದ ಶುರುವಾಗಿ 93ಕ್ಕೆ ಬಂದು ನಿಂತಿತ್ತು.

ಎರಡನೆಯ ಭಾನುವಾರ ಮೇಜಿನ ಮೇಲೆ ಎರಡು ಬಕೆಟ್ಟು. ಒಂದರಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಮಾಳಿಗೆಯಿಂದ ಹಿಡಿದ ಮಳೆನೀರು. ಅದೇ ಬಿಲ್ಲೆ ಮಳೆನೀರಿನಲ್ಲಿ ಎರಡು ಸಲ ಉಜ್ಜಿದ್ದಕ್ಕೇ ಬೊಗಸೆ ತುಂಬ ನೊರೆ ಕೊಟ್ಟಿತು. ಬೋರಿನ ನೀರಿನಲ್ಲಿ ಉಜ್ಜಿದಷ್ಟೂ ಒಡೆದ ಹಾಲಿನಂಥ ಬೂದು ಗಸಿ, ನೊರೆ ಇಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಡಿಯಮ್ಮನ್ನು ತಳ್ಳಿ ಸಾಬೂನಿಗೆ ತಾವೇ ಅಂಟಿಕೊಳ್ಳುತ್ತವೆ. ಆ ಸಾಬೂನು ನೀರಿನಲ್ಲಿ ಕರಗದು. ಬಕೆಟ್ಟಿನ ಅಂಚಿಗೆ ಹಿಡಿಯುವ ಜಿಗುಟು ಅದೇ. ಅವೆಲ್ಲ ತೀರಿದ ಮೇಲೆ ಮಾತ್ರ ನೊರೆ ಏಳಬೇಕು.

ನಾನು ಬೋರಿನ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಕಲಕಿದೆ. ನೀರು ಮಬ್ಬಾಯಿತು, ಕ್ಯಾಲ್ಸಿಯಂ ಕಾರ್ಬೊನೇಟಾಗಿ ತಳಕ್ಕೆ ಇಳಿಯುತ್ತಿತ್ತು. ವಾಷಿಂಗ್ ಸೋಡಾ ಎಂದರೆ ಸೋಡಿಯಂ ಕಾರ್ಬೊನೇಟ್ ಎಂದು ಹೇಳುವಷ್ಟರಲ್ಲಿ ಮೇಜಿನ ತುದಿಯಿಂದ ಆ ಹಿರಿಯ ಹೆಂಗಸು ಮುಂದೆ ಬಂದರು. “ಅಜ್ಜಿ ಬಟ್ಟೆಗೆ ಮುಂಚೆ ಬಾನಿ ನೀರಿಗೇ ಮಣ್ಣು ಹಾಕೋಳು. ನೀರು ಪಳಗಲಿ ಅನ್ನೋಳು” ಎಂದು, ತೋಳು ಮಡಿಸಿ, ತಾವು ಮಾಡಿದ ಬಿಲ್ಲೆಯನ್ನು ಅದೇ ಬಕೆಟ್ಟಿನಲ್ಲಿ ಅದ್ದಿ ಉಜ್ಜಿದರು. ನೊರೆ ಮಣಿಕಟ್ಟು ದಾಟಿ ಬಳೆಗಳವರೆಗೆ ಏರಿತು.